ಬಾಣಾವರದ ಕೊಬ್ಬರಿ

ಪರದೆ ಯಾಕೆ ಎಳೆದರು, ಈಗ ತಾನೆ ತೆರೆದಿತ್ತಲ್ಲ, ಎರಡು ಬೆರಳಿನಷ್ಟು ಸಂದಿ, ಆ ಸಂದಿಯಲ್ಲಿ ಮಗಳ ಎಡಗಾಲು ಕಾಣುತ್ತಿತ್ತು, ಹೆಬ್ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಕೆಂಪು ಬೆಳಕು ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು ಉಷಾರಾಣಿಗೆ, ಬೆಳಿಗ್ಗೆಯಿಂದ ಗಾಜಿನ ಬಾಗಿಲಿಗೆ ಹಣೆ ತಾಗಿಸಿ ಆ ಒಂದು ಕಾಲನ್ನೇ ನೋಡಿಕೊಂಡು ನಿಂತಿದ್ದಳು, ಈಗ ಆ ಸಿಸ್ಟರ್ ಅರುಣಾ ಬಂದವಳು ಇವಳ ಮುಖವನ್ನೊಮ್ಮೆ ನೋಡಿ ಸರಕ್ಕನೆ ಹಸಿರು ಪರದೆ ಎಳೆದುಬಿಟ್ಟಳು — ನೋಡಿಯೇ ಎಳೆದಳು, ನೋಡದೆ ಎಳೆದಿದ್ದರೆ ಆ ಮಾತು ಬೇರೆ. ಒಳಗೆ ಏನೋ ಮಾಡುತ್ತಿದ್ದಾರೆ. ಬೆಳಿಗ್ಗೆ ಮಂಚದ ಪಕ್ಕ ಒಂದೇ ಪಂಪು ಇತ್ತು, ಈಗ ಎರಡಿದೆ, ಅದೇನು ಅಂತ ಕೇಳಿದರೆ ಬಿಪಿ ಏರಿಸೋಕೆ ಮೇಡಂ, ಡಾಕ್ಟರ್ ಹೇಳ್ತಾರೆ ಅನ್ನುತ್ತಾಳೆ ಸಿಸ್ಟರ್, ಡಾಕ್ಟರನ್ನು ಕೇಳಿದರೆ ಸಿಸ್ಟರ್ ಹೇಳಲಿಲ್ವಾ ಅನ್ನುತ್ತಾರೆ, ಇಬ್ಬರೂ ಮಾಸ್ಕು ಹಾಕಿಕೊಂಡಿರುತ್ತಾರೆ, ಬರೀ ಕಣ್ಣು ನೋಡಿ ಮನುಷ್ಯರನ್ನು ಎಷ್ಟು ಅಂತ ಅಳೆಯೋದು. ಹಾಸನದ ಈ ಆಸ್ಪತ್ರೆಯ ಮೂರನೇ ಮಹಡಿಗೆ ಬಂದು ಒಂದೂವರೆ ದಿನವಾಯಿತು, ಮಕ್ಕಳ ಐಸಿಯು ಅಂತ ಬಾಗಿಲ ಮೇಲೆ ಬರೆದು ಪಕ್ಕದಲ್ಲಿ ನಗುವ ಮೊಲದ ಚಿತ್ರ ಅಂಟಿಸಿದ್ದಾರೆ, ಆ ಮೊಲಕ್ಕೆ ಏನು ಬಂದಿದೆ ನಗೋಕೆ, ಒಳಗೆ ಎಂಟು ವರ್ಷದ ಹೇಮಾಶ್ರೀ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಸಿಕೊಂಡು ಕಣ್ಣು ಅರೆಮುಚ್ಚಿ ಮಲಗಿದ್ದಾಳೆ. ಆರು ದಿನದ ಹಿಂದೆ ಬರೀ ಜ್ವರ ಅಂದವಳು. ಅರಸೀಕೆರೆಯ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಇರಬೇಕು ಅಂತ ಔಷಧಿ ಬರೆದುಕೊಟ್ಟರು, ಮೂರನೇ ದಿನಕ್ಕೆ ಕಣ್ಣು ಕೆಂಪಾಯಿತು, ನಾಲಿಗೆ ಕೆಂಪಾಯಿತು, ಅಮ್ಮಾ ಹೊಟ್ಟೆ, ಅಮ್ಮಾ ಹೊಟ್ಟೆ ಅಂತ ಮುದುಡಿಕೊಂಡಳು, ಆಮೇಲೆ ವಾಂತಿ, ನಿನ್ನೆ ಬೆಳಿಗ್ಗೆ ಕೈಕಾಲು ತಣ್ಣಗಾಗಿ ಎಷ್ಟು ಅಲ್ಲಾಡಿಸಿದರೂ ಸರಿಯಾಗಿ ಎಚ್ಚರವಾಗಲಿಲ್ಲ. ಆಂಬುಲೆನ್ಸಿನಲ್ಲಿ ಬರುವಾಗ ಅವಳು ಆಡಿದ್ದು ಒಂದೇ ಮಾತು, ಶಾಲೆ ಶುರುವಾಯ್ತಾ ಅಂತ.

ಗೋಡೆಯ ಗಡಿಯಾರದಲ್ಲಿ ಎರಡೂವರೆ. ನಾಲ್ಕು ಗಂಟೆಗೆ ಆಪರೇಷನ್, ಸಹಿ ಹಾಕಿ ಅಂತ ಕೊಟ್ಟ ಕಾಗದ ಅವಳ ಕೈಯಲ್ಲೇ ಇದೆ, ಬೆವರಿಗೆ ಮೆತ್ತಗಾಗಿದೆ, ಅದರಲ್ಲಿ ಹದಿನಾಲ್ಕು ಸಾಲು, ಅಪಾಯಗಳನ್ನು ನಮಗೆ ನಮ್ಮ ಭಾಷೆಯಲ್ಲಿ ವಿವರಿಸಲಾಗಿದೆ ಅಂತ ಒಂದು ಸಾಲು, ಏನು ವಿವರಿಸಿದರು ಮಹಾರಾಯರು. ಸರ್ಜನ್ ಲಕ್ಷ್ಮೀಶ ಬಂದು ನಿಂತ ಕಾಲಲ್ಲೇ, ಸ್ಕ್ಯಾನಿಂಗಿನಲ್ಲಿ ಹೊಟ್ಟೆಯೊಳಗೆ ನೀರು ತುಂಬಿರೋದು ಕಾಣ್ತಿದೆ, ಅಪೆಂಡಿಕ್ಸ್ ಒಡೆದಿರಬಹುದು, ತೆರೆದು ನೋಡಬೇಕು ಅಂದರು, ತೆರೆದು ನೋಡೋಕೆ ಅದೇನು ಪೆಟ್ಟಿಗೆಯೇ, ಅವರಿಗೆ ಅಷ್ಟು ಅವಸರ ಯಾಕೋ. ಮಕ್ಕಳ ಡಾಕ್ಟರು ಪ್ರಿಯಂವದಾ ಮಾತ್ರ ಒಪ್ಪಿದಂತೆ ಕಾಣಲಿಲ್ಲ, ಎರಡು ಗಂಟೆಗೆ ಇವಳನ್ನೂ ಗಂಡನನ್ನೂ ಅತ್ತೆಯನ್ನೂ ಪಕ್ಕದ ಕೋಣೆಗೆ ಕರೆದು ಕೂರಿಸಿ, ಉಷಾರಾಣಿ ಅವರೇ, ನನಗೆ ಇನ್ನೊಂದು ಅನುಮಾನ ಇದೆ ಅಂದರು, ಹೃದಯ ಸರಿಯಾಗಿ ಪಂಪ್ ಮಾಡ್ತಿಲ್ಲ, ಅಪೆಂಡಿಕ್ಸ್ ಆದ್ರೆ ಹೃದಯಕ್ಕೆ ಯಾಕೆ ಹೀಗಾಗಬೇಕು, ಕೋವಿಡ್ ಬಂದು ಹೋದ ಮೂರು, ನಾಲ್ಕು, ಐದು ವಾರಕ್ಕೆ ಕೆಲವು ಮಕ್ಕಳಿಗೆ ಹೀಗೆ ಆಗುತ್ತೆ, ರೋಗ ಹೋಗಿರುತ್ತೆ, ಅದರ ವಿರುದ್ಧ ಎದ್ದ ದೇಹದ ನಿರೋಧಕ ಶಕ್ತಿ ಸುಮ್ಮನಾಗೋದಿಲ್ಲ, ಹೃದಯ ಹೊಟ್ಟೆ ಎಲ್ಲಾ ಬಾತುಕೊಳ್ಳುತ್ತೆ. ಅವಳಿಗೆ ಕೋವಿಡ್ಡೇ ಇಲ್ಲ ಮೇಡಂ, ನಿನ್ನೆ ನೀವೇ ಮೂಗಿಗೆ ಕಡ್ಡಿ ಹಾಕಿ ನೆಗೆಟಿವ್ ಅಂದ್ರಲ್ಲ ಅಂದಳು ಇವಳು. ಈಗ ಇಲ್ಲ ಅಮ್ಮ, ಆಗ ಇತ್ತಾ ಅನ್ನೋದು ಪ್ರಶ್ನೆ, ಮಕ್ಕಳಿಗೆ ಬಂದು ಹೋಗಿದ್ದು ಗೊತ್ತೇ ಆಗಿರಲ್ಲ, ಅದಕ್ಕೆ ಬೇರೆ ರಕ್ತಪರೀಕ್ಷೆ ಬೆಂಗಳೂರಿಗೆ ಕಳಿಸಿದ್ದೀನಿ, ಉತ್ತರ ಬರೋದು ನಾಳೆ ಸಂಜೆ, ಅಲ್ಲೀತನಕ ಸರ್ಜನ್ ಕಾಯೋಕೆ ತಯಾರಿಲ್ಲ, ಕಾಯಿರಿ ಅನ್ನೋಕೆ ನನ್ನ ಹತ್ತಿರ ಆಧಾರ ಇಲ್ಲ. ಈ ಹೃದಯ ಇಟ್ಟುಕೊಂಡು ಮಗು ಅರಿವಳಿಕೆ ತಡೆದುಕೊಳ್ಳುತ್ತಾ ಅನ್ನೋದೇ ನನ್ನ ಭಯ. ನಾಲ್ಕೈದು ವಾರದ ಹಿಂದೆ ಮನೇಲಿ ಯಾರಿಗಾದ್ರೂ ಇತ್ತಾ, ಜ್ವರ, ಮೈಕೈ ನೋವು, ವಾಸನೆ ಹೋಗಿದ್ದು, ಎಷ್ಟೇ ಸಣ್ಣದಿರಲಿ, ಒಂದು ಖಚಿತವಾದ ಮಾತು ಕೊಡಿ, ಆಪರೇಷನ್ ನಿಲ್ಲಿಸಿ ಈಗಲೇ ಔಷಧಿ ಶುರು ಮಾಡ್ತೀನಿ. ಡಾಕ್ಟರು ಮಾತು ಮುಗಿಸುವ ಮೊದಲೇ ಇವಳ ಗಂಡ ಶಶಿಧರ್, ಇಲ್ಲ ಮೇಡಂ, ನಮ್ಮನೇಲಿ ಯಾರಿಗೂ ಇರಲಿಲ್ಲ ಅಂದ. ಯೋಚನೆ ಮಾಡಿ ಹೇಳಿ ಅಂದು ಅವರು ಎದ್ದು ಹೋದರು.

ಅಷ್ಟು ಬೇಗ ಯಾಕೆ ಅಂದ. ಯಾರಾದರೂ ಕೇಳಿದ ಪ್ರಶ್ನೆಗೆ ನಿಜವಾಗಿ ಉತ್ತರ ಹುಡುಕುವವನು ಒಂದು ಕ್ಷಣ ಮೇಲೆ ನೋಡುತ್ತಾನೆ, ತಲೆ ಕೆರೆಯುತ್ತಾನೆ, ಇವನು ಬಾಗಿಲು ಬಡಿದ ಹಾಗೆ ಇಲ್ಲ ಅಂದ, ಅಂದ ಮೇಲೆ ಕಣ್ಣು ತಪ್ಪಿಸಿದ. ಸುಳ್ಳು ಹಿಡಿಯುವ ಈ ಕಲೆ ಉಷಾರಾಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹಳೇಬೀಡಿನ ಪಕ್ಕದ ಹುಲಿಕೆರೆಯ ಶಾಲೆಯಲ್ಲಿ ಮೇಷ್ಟರಮ್ಮ, ಎರಡನೇ ಅಲೆಯ ಹೊತ್ತಿಗೆ ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ ಮನೆಮನೆ ಸರ್ವೆಗೆ ಹಾಕಿದರು, ಬಸ್ಸಿಲ್ಲ, ಅರಸೀಕೆರೆಯಿಂದ ಜಾವಗಲ್ ದಾಟಿ ಸ್ಕೂಟರಿನಲ್ಲಿ ಹೋಗಿ ಬಂದು ಮಾಡಿದ್ದಾಳೆ, ಬೆರಳಿಗೆ ಹಾಕುವ ಯಂತ್ರ, ಹಣೆಗೆ ಹಿಡಿಯುವ ಯಂತ್ರ, ಒಂದು ರಿಜಿಸ್ಟರು, ಜ್ವರ ಇದೆಯಾ ಕೆಮ್ಮು ಇದೆಯಾ ಊಟದ ರುಚಿ ಗೊತ್ತಾಗ್ತಿದೆಯಾ ಸಾರಿನ ವಾಸನೆ ಬರ್ತಿದೆಯಾ, ನೂರಾ ಎಂಬತ್ತು ಮನೆ, ನೂರಾ ಎಂಬತ್ತು ಸಲ ಅದೇ ಪಾಠ. ಎಲ್ಲರೂ ಸುಳ್ಳು. ಕೊಳದ ಹಿಂದಿನ ಜವರಯ್ಯ ಬಾಗಿಲಿಗೆ ಅಡ್ಡ ನಿಂತು, ನಮಗೇನಿಲ್ಲ ಕಣಕ್ಕ, ಕಲ್ಲಿದ್ದಂಗಿದೀವಿ ಅಂದಿದ್ದ, ಒಳಗೆ ಅವನ ತಾಯಿ ಕೆಮ್ಮನ್ನು ಸೆರಗಿಗೆ ತುರುಕಿಕೊಳ್ಳುವುದು ಇವಳಿಗೆ ಕೇಳಿಸಿತ್ತು, ಪಕ್ಕಕ್ಕೆ ಸರಿ ಜವರಯ್ಯ ಅಂತ ಗದರಿಸಿ ಒಳಗೆ ಹೋಗಿ ಮುದುಕಿಯ ಬೆರಳು ಹಿಡಿದು ನೋಡಿ ಆಂಬುಲೆನ್ಸಿಗೆ ಫೋನು ಮಾಡಿದ್ದಳು, ಮುದುಕಿ ಬದುಕಿತು, ಜವರಯ್ಯ ಇವತ್ತಿಗೂ ಇವಳನ್ನು ಕಂಡರೆ ಕೈ ಮುಗಿಯುತ್ತಾನೆ. ಬಚ್ಚಿಡುವವರ ಮುಖ ಹೇಗಿರುತ್ತದೆ ಅಂತ ಗೊತ್ತು ಇವಳಿಗೆ. ಶಶಿಧರನ ಮುಖ ಈಗ ಹಾಗೇ ಇದೆ. ಅವನೂ ಅವನ ತಾಯಿಯೂ ಮೆಟ್ಟಿಲ ಹತ್ತಿರ ನಿಂತು ಏನೋ ಪಿಸಿಪಿಸಿ ಮಾತಾಡುತ್ತಿದ್ದಾರೆ, ನೀನೇ ಕೇಳಪ್ಪ ಅಂತ ತಾಯಿ, ಹೆಂಗವ್ವ ಕೇಳೋದು ಅಂತ ಮಗ, ಇವಳು ಆ ಕಡೆ ತಿರುಗಿದ ಕೂಡಲೇ ಇಬ್ಬರ ಬಾಯಿಯೂ ಬಂದ್.

ಬಚ್ಚಿಡೋಕೆ ಏನಿದೆ ಅವರಿಗೆ, ಇದ್ದರೆ ಒಂದೇ. ಅತ್ತೆ ಕಮಲಾಕ್ಷಮ್ಮನಿಗೆ ಬಂದಿತ್ತು. ಬಂದೇ ಇತ್ತು, ಜೂನ್ ಮೊದಲ ವಾರ ಖೊಕ್ ಖೊಕ್ ಅಂತ ಕೆಮ್ಮುತ್ತಿದ್ದದ್ದು ಯಾರಿಗೆ ಕೇಳಿಸಿಲ್ಲ, ಕೇಳಿದರೆ ಅಟ್ಟದ ಧೂಳು ಕಣಮ್ಮ, ಕೊಬ್ಬರಿ ಇಳಿಸೋ ಕಾಲದಾಗೆ ವರ್ಷಾ ವರ್ಷ ಹಿಂಗೇಯ ಅನ್ನೋದು, ಕಾಳುಮೆಣಸಿನ ಕಷಾಯ ಕುಡಿದು ಸೆರಗು ಹೊದ್ದು ಕೂರೋದು. ಹೇಮಾ ಆಗ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು, ಯಾಕೆಂದರೆ ಸರ್ವೆಗೆ ಹೋಗುವ ಅಮ್ಮ ಅವಳನ್ನು ಮುಟ್ಟುತ್ತಿರಲಿಲ್ಲ. ಹೊರಗಿನ ಬಚ್ಚಲಲ್ಲಿ ಸ್ನಾನ, ಮುಂದಿನ ಕೋಣೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ, ಮಗಳು ಹೊಸ್ತಿಲಾಚೆ ನಿಂತು ಅಮ್ಮಾ ಒಂದೇ ಒಂದು ಸಲ ಅಂತ ಕೈ ಚಾಚಿದರೆ ಇವಳು ಹಿಂದೆ ಸರಿದು, ಬೇಡ ಚಿನ್ನ, ಇನ್ನು ಇಪ್ಪತ್ತು ದಿನ ಅನ್ನುತ್ತಿದ್ದಳು. ಅಷ್ಟು ಮಾಡಿದ್ದಾಳೆ ಇವಳು. ಇವಳಿಗಿರಲಿಲ್ಲ, ಅದು ಲಿಖಿತವಾಗಿದೆ, ಮೇ ಇಪ್ಪತ್ತಾರಕ್ಕೆ ಸರ್ವೆಯವರಿಗೆಲ್ಲ ಪರೀಕ್ಷೆ ಮಾಡಿದಾಗ ಬಂದ ಮೆಸೇಜು ಈಗಲೂ ಫೋನಿನಲ್ಲಿದೆ, ಉಷಾರಾಣಿ, ಮೂವತ್ತೈದು ವರ್ಷ, ನೆಗೆಟಿವ್. ಅತ್ತೆಯ ಮೆಸೇಜು ಎಲ್ಲಿದೆ. ಪರೀಕ್ಷೆ ಮಾಡಿಸಿಕೊಳ್ಳಿ ಅತ್ತೆ ಅಂದದ್ದಕ್ಕೆ, ನನಗೆರಡೂ ಸೂಜಿ ಆಗೈತೆ, ನನಗ್ಯಾಕೆ ಅಂದಿದ್ದರು. ಯಾಕೆ ಅಂತ ಇವಳಿಗೆ ಗೊತ್ತು, ಹೋದ ವರ್ಷ ಎದುರು ಮನೆಗೆ ಕೆಂಪು ಬೋರ್ಡು ಹೊಡೆದು ಬೀದಿಗೆ ತಗಡು ಅಡ್ಡ ಕಟ್ಟಿದಾಗ ಆ ಮನೆಯವರನ್ನು ಮಾತಾಡಿಸುವವರಿಲ್ಲದೆ ಹೋಗಿತ್ತು, ಅತ್ತೆಗೆ ಅದೇ ಭಯ, ಮಠದ ಅಕ್ಕನ ಬಳಗಕ್ಕೆ ಅಧ್ಯಕ್ಷೆ ಬೇರೆ, ಕಮಲಾಕ್ಷಮ್ಮನ ಮನೆಗೆ ಬೋರ್ಡು ಬಿತ್ತಂತೆ ಅಂತ ಜನ ಅಂದರೆ ಅವರ ಜೀವ ನಿಲ್ಲುತ್ತದೆಯೇ. ಮೊದಲಿನಿಂದಲೂ ಅವರು ಹಾಗೇ, ಒಳಗೊಂದು ಹೊರಗೊಂದು, ಆ ದಿನಗಳಲ್ಲಿ ಇವಳಿಗೆ ಹೊಸ್ತಿಲಾಚೆಯಿಂದ ದೂಡುತ್ತಿದ್ದ ಕಾಫಿಯೇ ಸಾಕ್ಷಿ, ಬಿಸಿನೀರಿಗೆ ಬಣ್ಣ ಹಾಕಿದ ಹಾಗೆ, ಒಂದು ಘಮ ಇಲ್ಲ, ಇವಳಿಗೆ ಅಂತಲೇ ಎರಡನೇ ಸಲದ ಡಿಕಾಕ್ಷನ್ನು ಇಡುತ್ತಿದ್ದರು, ಗೊತ್ತಿದ್ದೂ ಸುಮ್ಮನೆ ಕುಡಿದಳು.

ಇನ್ನು ಆ ಕೊಬ್ಬರಿಯ ರಂಪ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬಾಣಾವರದಿಂದ ಅಪ್ಪ ದೇವೀರಪ್ಪ ಹಾಲಿನ ವ್ಯಾನಿನಲ್ಲಿ ಒಂದು ಚೀಲ ಕಳಿಸಿದ್ದರು, ಮಗಳು ಬಿಸಿಲಲ್ಲಿ ಅಲೆಯುತ್ತಾಳೆ, ಮೊಮ್ಮಗಳಿಗೆ ಕೊಬ್ಬರಿ ಬೆಲ್ಲ ಇಷ್ಟ ಅಂತ, ಹನ್ನೆರಡು ಗಿಟುಕು, ಇಡೀ ಉಂಡೆ ಕೊಬ್ಬರಿ, ತಾವೇ ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿಸಿ ತಾವೇ ಸಿಪ್ಪೆ ತೆಗೆದು ಕಳಿಸಿದ್ದು. ಈ ಮನೆ ಕೊಬ್ಬರಿ ಮಂಡಿಯವರ ಮನೆ, ಅತ್ತೆಯ ಮೂಗು ಅಂದರೆ ಅರಸೀಕೆರೆಯ ವ್ಯಾಪಾರಸ್ಥರ ನಡುವೆ ಹೆಸರುವಾಸಿ, ರಾಶಿಯ ನಡುವಿನಿಂದ ಒಂದೇ ಒಂದು ಗಿಟುಕು ಎತ್ತಿ ಮೂಗಿಗೆ ಹಿಡಿದು, ಇದು ನಿಲ್ಲಾಕಿಲ್ಲ, ತೆಗೀರಿ ಅಂದರೆ ತೆಗೆದೇ ಬಿಡುತ್ತಾರೆ, ಒಡೆದು ನೋಡುವ ಮಾತಿಲ್ಲ. ಅಂಥವರು ಅಪ್ಪನ ಚೀಲ ಬಿಚ್ಚಿದವರೇ ಮುಖ ಹಿಂಡಿ, ಇದು ಕಮಟು ಹಿಡಿದೈತೆ ಕಣಮ್ಮ, ಮಗೀಗೆ ಕೊಡಬೇಡ ಅಂದರು. ಕಮಟಂತೆ. ಚೀಲದ ಬಾಯಿ ಬಿಚ್ಚುವುದರೊಳಗೆ ಕಮಟಂತೆ. ಇವಳು ಒಂದು ಗಿಟುಕು ತೆಗೆದುಕೊಂಡು ಮೂಗಿಗೆ ಒತ್ತಿಕೊಂಡು ನೋಡಿದಳು, ಏನೂ ಇಲ್ಲ, ಒಂದು ಚೂರೂ ವಾಸನೆ ಇಲ್ಲ, ಮಂಡಿಯವರ ಮನೆಗೆ ಕೆಟ್ಟ ಮಾಲು ಕಳಿಸೋಕೆ ನಮ್ಮಪ್ಪನಿಗೇನು ತಲೆ ಕೆಟ್ಟಿದೆಯಾ ಅತ್ತೆ ಅಂದಳು, ನಿಮ್ಮಪ್ಪನ್ನ ಯಾರೇನಂದ್ರಮ್ಮ, ಮಾಲು ಕೆಟ್ಟೈತೆ ಅಂದೆ, ಅಷ್ಟೇಯ ಅಂದರು ಅವರು, ಎರಡೂ ಒಂದೇ ಅಲ್ಲವೇ, ನಿನ್ನ ತವರು ಇಷ್ಟೇ ಅಂತ ಅಂದ ಹಾಗಲ್ಲವೇ. ಶಶಿಧರನೂ ಮೂಸಿ ನೋಡಿದ, ಬಾಯಿ ಬಿಡಲಿಲ್ಲ, ತಾಯಿಯ ಮುಖ ನೋಡಿದ, ಅದು ಬಿಟ್ಟು ಇನ್ನೇನು ತಾನೆ ಗೊತ್ತು ಅವನಿಗೆ. ಆಗ ಇವಳು ಅವರೆಲ್ಲರ ಎದುರಿಗೇ ಗಿಟುಕನ್ನು ಒಡೆದು ಬೆಲ್ಲದ ಜೊತೆ ತಿಂದು ತೋರಿಸಿದಳು, ಚೆನ್ನಾಗೇ ಇತ್ತು, ಮಗಳೂ ತಿಂದಳು, ಒಂದು ಮಾತಾಡದೆ ತಿಂದಳು, ಮಕ್ಕಳ ನಾಲಿಗೆ ಸುಳ್ಳು ಹೇಳುತ್ತದೆಯೇ. ಅಲ್ಲಿಂದ ಮುಂದೆ ಅತ್ತೆ ಸೊಸೆಗೆ ಮಾತು ನಿಂತಿತು, ಹೇಮಾಳಿಗೆ ಜ್ವರ ಬರುವವರೆಗೂ ನಿಂತೇ ಇತ್ತು.

ಇರು, ಇರು. ಉಷಾರಾಣಿ ಗಾಜಿನಿಂದ ಹಣೆ ಎತ್ತಿದಳು. ಇಲ್ಲದ ವಾಸನೆ. ಸರ್ವೆಯ ತರಬೇತಿಯಲ್ಲಿ ಹೇಳಿದ್ದರಲ್ಲ, ಕೆಲವರಿಗೆ ವಾಸನೆ ಹೋಗುತ್ತೆ, ಇನ್ನು ಕೆಲವರ ಮೂಗು ಕೆಟ್ಟು ಇಲ್ಲದ ದುರ್ವಾಸನೆ ಬಂದ ಹಾಗಾಗುತ್ತೆ ಅಂತ, ಟಿಪ್ಪಣಿ ಬರೆದುಕೊಂಡಿದ್ದಳು, ಅಯ್ಯೋ ಶಿವನೇ, ಕಣ್ಣೆದುರಿಗೇ ಇತ್ತಲ್ಲ — ನಲವತ್ತು ವರ್ಷ ತಪ್ಪದ ಮೂಗು ಅವತ್ತು ಒಳ್ಳೆಯ ಕೊಬ್ಬರಿಯನ್ನು ಕಮಟು ಅಂದಿತು, ಅಂದರೆ ಮೂಗಿಗೇ ಏನೋ ಆಗಿತ್ತು, ಕೆಮ್ಮೂ ಇತ್ತು, ಕಷಾಯವೂ ಇತ್ತು, ಮಗಳು ಅವರ ಮಗ್ಗುಲಲ್ಲೇ ಮಲಗುತ್ತಿದ್ದಳು. ದಿನ ಲೆಕ್ಕ ಹಾಕಿದಳು, ಜೂನ್ ಐದು ಶನಿವಾರ ಅದು, ಸರ್ವೆಗೆ ರಜೆ, ಇವತ್ತಿಗೆ ಐದು ವಾರಕ್ಕೆ ಎರಡು ದಿನ ಕಡಿಮೆ, ಡಾಕ್ಟರು ಹೇಳಿದ ಲೆಕ್ಕಕ್ಕೆ ಕೂದಲೆಳೆ ಆಚೀಚೆ ಇಲ್ಲ. ಸಿಕ್ಕಿಬಿದ್ದರು. ಎರಡು ಮುಕ್ಕಾಲು. ಮೊಮ್ಮಗಳ ಹೊಟ್ಟೆ ಕೊಯ್ಯುತ್ತಾರೆ ಅಂದರೂ ಬಾಯಿ ಬಿಡದೆ ಕೂತಿದ್ದಾರಲ್ಲ, ಬೋರ್ಡಿನ ಭಯಕ್ಕೆ, ಮಠದವರ ಭಯಕ್ಕೆ, ಎಂಥ ಕಲ್ಲು ಮನಸ್ಸು, ತಡಿ, ಇವತ್ತು ಬಿಡೋದಿಲ್ಲ, ಜವರಯ್ಯನ ಬಾಗಿಲಿನಲ್ಲಿ ನಿಂತ ಹಾಗೇ ನಿಲ್ಲುತ್ತೇನೆ ಅಂದುಕೊಂಡು ಕಾಗದ ಹಿಡಿದುಕೊಂಡೇ ಮೆಟ್ಟಿಲ ಕಡೆ ನಡೆದಳು, ಚಪ್ಪಲಿಯ ಸದ್ದು ಅವಳಿಗೇ ಜೋರಾಗಿ ಕೇಳಿಸಿತು. ಕಮಲಾಕ್ಷಮ್ಮ ಮೆಟ್ಟಿಲ ಮೇಲೆ ಕೂತು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಮುಖ ಊದಿಕೊಂಡಿತ್ತು, ಅತ್ತ ಮುಖ, ನಾಟಕ ಅಂದುಕೊಂಡಳು ಇವಳು.

ಅತ್ತೆ, ನಿಜ ಹೇಳಿ, ಅವತ್ತು ಕೊಬ್ಬರಿ ಕಮಟು ಅಂದ್ರಲ್ಲ, ಆಗ ನಿಮಗೆ ಬಂದಿತ್ತು, ಬಂದಿತ್ತು ತಾನೇ, ಮೂಗು ಕೆಟ್ಟಿತ್ತು ತಾನೇ, ಹೇಳಿಬಿಡಿ, ನಾನೇನೂ ಅನ್ನಲ್ಲ, ಹೇಮಾ ಉಳಿದ್ರೆ ಸಾಕು. ಶಶಿಧರ್, ಉಷಾ, ಸ್ವಲ್ಪ ಕೂತ್ಕೋ ಅಂದ. ನೀವು ಸುಮ್ನಿರ್ರೀ. ಅತ್ತೆ ಇವಳ ಮುಖವನ್ನೇ ನೋಡಿದರು, ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದಳು, ಮಾಡಿಕೊಳ್ಳಲಿಲ್ಲ, ಮೆಲ್ಲಗೆ, ನನ್ನೊಬ್ಬಳ ಮೂಗು ಕೆಟ್ಟಿತ್ತು ಅಂತಿಟ್ಕೋ, ಶಶೀದೂ ಕೆಟ್ಟಿತ್ತಾ ಅಂದರು. ಅವನಿಗೂ ನಾತ ಬಂತು ಕಣೇ, ನಿನ್ನ ಮನಸ್ಸಿಗೆ ನೋವಾಯ್ತದೆ ಅಂತ ಬಾಯಿ ಮುಚ್ಕೊಂಡಿದ್ದ. ನೀನು ಸರ್ವೆಗೆ ಹೋದ ಮೇಲೆ ಚೀಲದಾಗಿದ್ದನ್ನೆಲ್ಲ ಒಡೆಸಿ ನೋಡಿದೆ, ಹನ್ನೆರಡರಾಗೆ ಹತ್ತು ಒಳಗೆಲ್ಲ ಹಳದಿ, ವ್ಯಾನಿನಾಗೆ ಮಳೆ ನೀರು ಬಿದ್ದಿತ್ತೋ ಏನೋ, ನಿಮ್ಮಪ್ಪನ ತಪ್ಪಲ್ಲ, ಎಮ್ಮೆಗೆ ಹಾಕಿದ್ರೆ ಅದೂ ಮುಟ್ಟಲಿಲ್ಲ. ಬೀದಿ ಬಾಗಿಲಿಗೆ ಬರ್ತಿತ್ತು ನಾತ. ನಿನಗೊಬ್ಬಳಿಗೆ ಬರಲಿಲ್ಲ. ನಾನೂ ದಡ್ಡಿ, ಹಟಕ್ಕೆ ಇಲ್ಲ ಅಂತಿದ್ದೀಯ ಅಂದ್ಕಂಡೆ, ಇವತ್ತು ಆ ಡಾಕ್ಟರಮ್ಮ ವಾಸನೆ ಅಂತ ಅಂದಾಗ್ಲೇ ನನಗೆ ಹೊಳೆದಿದ್ದು. ಇವನಿಗೆ ಅದನ್ನೇ ಹೇಳ್ತಿದ್ದೆ, ನೀನೇ ಕೇಳಪ್ಪ, ನಾನು ಕೇಳಿದ್ರೆ ಇನ್ನೊಂದು ಅರ್ಥ ಮಾಡ್ಕತಾಳೆ ಅಂತ.

ಕಾಫಿ. ಎರಡನೇ ಸಲದ ಡಿಕಾಕ್ಷನ್ ಅಲ್ಲ ಅದು. ಬಚ್ಚಲಿನ ಫಿನಾಯಿಲ್ಲು ನೀರು ಬೆರೆಸಿದ್ದು ಅಂತ ಅಂಗಡಿಯವನಿಗೆ ಬೈದಿದ್ದಳು, ಊದುಬತ್ತಿ ನಕಲಿ ಅಂತ ಪೊಟ್ಟಣವನ್ನೇ ಎಸೆದಿದ್ದಳು, ಸಾರು ಸಪ್ಪೆ ಅಂತ ತಟ್ಟೆ ದೂಡಿದ್ದಳು, ಎರಡು ದಿನ ಮೈಯೆಲ್ಲ ಜಜ್ಜಿದ ಹಾಗೆ ನೋವು, ಅದು ಜಾವಗಲ್ ರಸ್ತೆಯ ಗುಂಡಿ ಅಂದುಕೊಂಡಳು, ಒಂದು ಮಾತ್ರೆ ನುಂಗಿ ಸ್ಕೂಟರು ಹತ್ತಿದಳು, ನೂರಾ ಎಂಬತ್ತು ಮನೆಗೆ ಕೇಳಿದ ಪ್ರಶ್ನೆಯನ್ನು ತನ್ನ ಒಂದು ಮನೆಗೆ ಕೇಳಲಿಲ್ಲ, ಯಾಕೆ ಕೇಳಬೇಕು, ಫೋನಿನಲ್ಲಿ ನೆಗೆಟಿವ್ ಅಂತ ಇತ್ತಲ್ಲ, ಮೇ ಇಪ್ಪತ್ತಾರರ ಮೆಸೇಜು ಜೂನ್ ಐದಕ್ಕೆ ಏನು ಹೇಳೀತು, ಅಂಗಡಿಯವನು ಕಳ್ಳ, ಗಂಡ ಹೆಡ್ಡ, ಅತ್ತೆ ಕುತಂತ್ರಿ, ಇಡೀ ಊರಿಗೆ ಊರೇ ಸುಳ್ಳು, ತನ್ನ ಮೂಗು ಮಾತ್ರ ಸತ್ಯ. ಕಮಲಾಕ್ಷಮ್ಮ ಎದ್ದು ಬಂದು ಇವಳ ಮುಂಗೈ ಹಿಡಿದರು, ಐದು ವಾರದ ಮೇಲೆ ಮುಟ್ಟಿದ್ದು, ನೋಡು, ನನಗೇ ಬಂದಿತ್ತು ಅಂತ ಹೇಳಿಬಿಡು, ಯಾರಿಗೆ ಅಂದ್ರೇನು, ಔಷಧಿ ಒಂದೇ ತಾನೆ, ಮುದುಕಿಯಿಂದ ಬಂತು ಅಂತ ಬರ್ಕೊಳ್ಳಲಿ, ನಾಳೆ ಮಗಾ ಎದ್ದು ಕೂತಾಗ ನಿನ್ನಿಂದ ಅಂತ ನಿನಗನ್ನಿಸಬಾರದು ಅಂದರು. ಇದೂ ನಾಟಕವೇ, ಇದರಲ್ಲೂ ಏನೋ ಇದೆಯೇ ಅಂತ ಇವಳ ತಲೆ ಅಭ್ಯಾಸಬಲದಿಂದ ಹುಡುಕಿತು, ಏನೂ ಸಿಗಲಿಲ್ಲ, ಆ ಕೈ ಬೆಚ್ಚಗಿತ್ತು, ಅಷ್ಟೇ. ಒಂದು ಕ್ಷಣ, ಬರೀ ಒಂದೇ ಕ್ಷಣ, ಹೌದು ಅತ್ತೆ, ಹಾಗೇ ಹೇಳಿ ಅನ್ನಬೇಕು ಅನಿಸಿತು ಅವಳಿಗೆ, ನಾಚಿಕೆಗೆಟ್ಟ ಮನಸ್ಸು.

ನನಗೆ ಬಂದಿತ್ತು ಮೇಡಂ. ಹೇಳಿದ್ದು ತಾನೇ ಅಂತ ಗೊತ್ತಾಗುವಷ್ಟರಲ್ಲಿ ಪ್ರಿಯಂವದಾ ಎದುರಿಗೆ ನಿಂತಿದ್ದರು, ಖಚಿತವಾ, ಖಚಿತ, ವಾಸನೆ ಹೋಗಿತ್ತು, ಮೈಕೈ ನೋವಿತ್ತು, ಜೂನ್ ಮೊದಲ ವಾರ, ಮೊದಲೇ ಯಾಕೆ ಹೇಳಲಿಲ್ಲ, ಗೊತ್ತಿರಲಿಲ್ಲ ಮೇಡಂ, ನನಗೇ ಗೊತ್ತಿರಲಿಲ್ಲ. ನಗುತ್ತಾರೇನೋ ಅಂದುಕೊಂಡಳು, ಅವರು ಬೈಯಲೂ ಇಲ್ಲ ನಗಲೂ ಇಲ್ಲ, ಫೋನು ಕಿವಿಗಿಟ್ಟು, ಲಕ್ಷ್ಮೀಶ ಸರ್, ಹಿಸ್ಟರಿ ಸಿಕ್ಕಿತು, ತಾಯಿಗೇ, ಹೌದು, ಕೊಯ್ಯೋದು ಬೇಡ, ಇವತ್ತೊಂದು ರಾತ್ರಿ ನನಗೆ ಕೊಡಿ ಅಂದರು, ಆ ಕಡೆಯಿಂದ ಏನೋ ವಾದ, ಇವರು ಇನ್ನೊಮ್ಮೆ ಅದನ್ನೇ ಹೇಳಿದರು, ಗಟ್ಟಿಯಾಗಿ, ಆಮೇಲೆ ಸಿಸ್ಟರ್ ಅರುಣಾ ಓಡಿದಳು, ಚಿಕ್ಕ ಗಾಜಿನ ಬಾಟಲಿಗಳ ಪೆಟ್ಟಿಗೆ ಬಂತು, ಇವಳ ಕೈಯಲ್ಲಿದ್ದ ಕಾಗದವನ್ನು ಡಾಕ್ಟರೇ ಬಿಡಿಸಿ ತೆಗೆದುಕೊಂಡರು, ಬೆರಳುಗಳು ಸುಲಭಕ್ಕೆ ಬಿಡಲಿಲ್ಲ. ಎಂಟು ಹತ್ತು ಗಂಟೆ ನೋಡೋಣ, ಬಿಪಿ ಏರಿದ್ರೆ ದಾರಿ ಸಿಕ್ಕಿತು ಅಂತ, ಭರವಸೆ ಕೊಡೋ ಹಾಗಿಲ್ಲ, ಕೇಸ್ ಶೀಟಿಗೆ ಬರ್ಕೋಬೇಕು, ಇನ್ನೊಂದೇ ಪ್ರಶ್ನೆ ಅಂತ ಪೆನ್ನು ತೆಗೆದರು, ನೀವು ಸರ್ವೆಯಲ್ಲಿದ್ದವರು, ಮಗುವಿನಿಂದ ದೂರ ಇದ್ದೆ ಅಂದಿದ್ದೀರಿ, ಆ ವಾರದಲ್ಲಿ ಮಗು ನಿಮ್ಮ ಹತ್ತಿರ ಬಂದಿತ್ತಾ.

ಬಂದಿರಲಿಲ್ಲ. ಹೇಮಾ ಹೊಸ್ತಿಲು ದಾಟಿಯೇ ಇರಲಿಲ್ಲ, ಹೇಳಿದ ಮಾತು ಕೇಳುವ ಮಗು, ಒಂದು ತಿಂಗಳು ಆಚೆಯೇ ನಿಂತಿತ್ತು, ಇವಳೇ ದಾಟಿದ್ದು, ಬಾರೇ ಹೇಮಾ ಇಲ್ಲಿ, ಕೊಬ್ಬರಿ ಹೆಂಗಿದೆ ಹೇಳು ನಿಮ್ಮಜ್ಜಿಗೆ ಅಂತ ರೆಟ್ಟೆ ಹಿಡಿದು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಿದ್ದು, ಚೂರು ದೊಡ್ಡದಾಯಿತು ಅಂತ ತಾನೇ ಅರ್ಧ ಕಚ್ಚಿ ಉಳಿದರ್ಧವನ್ನು ಬೆಲ್ಲದ ಜೊತೆ ಆ ಪುಟ್ಟ ತುಟಿಯ ಹತ್ತಿರ ಹಿಡಿದದ್ದು, ಹಿಡಿದು ಅತ್ತೆಯನ್ನು ನೋಡುತ್ತಿದ್ದದ್ದು, ಮಗಳನ್ನಲ್ಲ, ಆದರೂ ಕಂಡಿತ್ತಲ್ಲ, ಕಣ್ಣಂಚಿಗೆ ಕಂಡಿತ್ತಲ್ಲ, ಹೇಮಾಳ ಮೂಗಿನ ಹೊಳ್ಳೆ ಮುದುಡಿದ್ದು, ನಾತಕ್ಕೆ ತಲೆ ಒಂದಿಷ್ಟು ಹಿಂದೆ ಸರಿದದ್ದು, ಮತ್ತೆ, ಒಂದು ತಿಂಗಳ ಮೇಲೆ ಸಿಕ್ಕ ತೊಡೆ ಎಲ್ಲಿ ತಪ್ಪಿಹೋಗುತ್ತದೋ ಅಂತ, ಇವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮುಂದಕ್ಕೆ ಬಂದದ್ದು. ಅಮ್ಮನ ಮುಖ ನೋಡಿದಳು. ಬಾಯಿ ತೆರೆದಳು. ಬಂದಿತ್ತಾ ಉಷಾರಾಣಿ ಅವರೇ, ಎಷ್ಟು ಹತ್ತಿರ, ಡಾಕ್ಟರ ಪೆನ್ನು ಕಾಯುತ್ತಿತ್ತು, ಶಶಿಧರ್ ಏನೋ ಹೇಳಲು ಹೋದ, ಮೂಗು ಮುದುಡಿದ್ದಳು, ಬಾಯಿ ತೆರೆದಳು, ಅಮ್ಮನ ಮುಖವನ್ನೇ ನೋಡುತ್ತ — ಮೂಗು ಮುದುಡಿ, ಬಾಯಿ ತೆರೆದು, ಅಮ್ಮನ ಮುಖವನ್ನೇ ನೋಡುತ್ತ, ನುಂಗಿದಳು.